ಪ್ರತಿಕ್ರಿಯೆ: ಡ್ರ್ಯಾಗನ್ ಕ್ವೆಸ್ಟ್‌ನ ಬೇರು ಅಮೆರಿಕದಲ್ಲಿದೆ

ಡ್ರ್ಯಾಗನ್ ಕ್ವೆಸ್ಟ್ ಥರದ, ನಾವೇ ವೀರರಾಗಿ ರಾಕ್ಷಸರ ಜೊತೆ ಹೊಡೆದಾಡುವ ವಿಡಿಯೋ ಆಟಗಳು ಅಪ್ಪಟ ಜಪಾನಿನವೇ, ಪಶ್ಚಿಮದ ಪ್ರಭಾವ ಒಂಚೂರೂ ಇಲ್ವಾ ಅಂತ ಕೇಳಿದ್ದೀರಿ. ಇದೆ, ಚೆನ್ನಾಗೇ ಇದೆ.

1981ರಲ್ಲಿ ಅಮೆರಿಕದಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಝಾರ್ಡ್ರಿ, ಅಲ್ಟಿಮಾ ಅಂತ ಎರಡು ಆಟ ಬಂದವು. ಜಪಾನಿನ ಆಟ ವಿನ್ಯಾಸಕ ಯೂಜಿ ಹೊರೀ ಇವೆರಡನ್ನೂ ಮೆಚ್ಚಿದ್ದರು. ಮೊದಲನೆಯದರಿಂದ ರಾಕ್ಷಸನ ಎದುರಿಗೇ ನಿಂತು ಹೊಡೆದಾಡುವ ರೀತಿ, ಎರಡನೆಯದರಿಂದ ಮೇಲಿನಿಂದ ಕಾಣುವ ನಕ್ಷೆ ತಗೊಂಡು 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಮಾಡಿದರು.

ಹಾಗಂತ ಸುಮ್ನೆ ಕಾಪಿ ಹೊಡೆದರು ಅನ್ನೋಕಾಗಲ್ಲ. ಆ ಅಮೆರಿಕದ ಆಟಗಳು ಕೀಬೋರ್ಡ್ ನಂಬಿಕೊಂಡಿದ್ದವು. ಡ್ರ್ಯಾಗನ್ ಕ್ವೆಸ್ಟ್ ಬಂದದ್ದು ಟಿವಿಗೆ ಜೋಡಿಸುವ ನಿಂಟೆಂಡೊದ ಆಟದ ಯಂತ್ರ ಫ್ಯಾಮಿಕಾಮ್‌ಗೆ; ಅದರ ಕಂಟ್ರೋಲರ್‌ನಲ್ಲಿ ಇದ್ದದ್ದೇ ಬೆರಳೆಣಿಕೆಯ ಬಟನ್. ಹಾಗಾಗಿ ಎಲ್ಲವನ್ನೂ ಮೆನುವಿಗೆ ತಂದರು. ಮೊದಲ ಆಟದಲ್ಲಂತೂ ಮೆಟ್ಟಿಲು ಇಳಿಯೋಕೂ ಮೆನು ತೆಗೆದು ‘ಮೆಟ್ಟಿಲು’ ಅಂತ ಆರಿಸಬೇಕು! ಪಕ್ಕದಲ್ಲಿರೋರ ಜೊತೆ ಮಾತಾಡಬೇಕಂದ್ರೆ ಪೂರ್ವವೋ ಪಶ್ಚಿಮವೋ ಅಂತ ದಿಕ್ಕನ್ನೂ ಹೇಳಬೇಕು. ಈಗ ಆಡಿದರೆ ತಲೆ ಕೆಡುತ್ತೆ ಬಿಡಿ. ಆದರೆ ಕಂಪ್ಯೂಟರ್ ಇಲ್ಲದ ಮನೆಗೂ ಈ ಬಗೆಯ ಆಟ ಹೋಗಿದ್ದು ಹೀಗೇ. ಆಟದಲ್ಲಿ ಬರುವ ಸ್ಲೈಮ್ ಅನ್ನೋ ಮುದ್ದು ರಾಕ್ಷಸನ ಚಿತ್ರ ಮಾತ್ರ ಡ್ರ್ಯಾಗನ್ ಬಾಲ್ ಕಾಮಿಕ್ಸ್ ಮಾಡಿದ ಅಕಿರಾ ಟೊರಿಯಾಮಾ ಅವರದು. ಅದು ಪಕ್ಕಾ ಜಪಾನ್.

ತಮಾಷೆ ಗೊತ್ತಾ? ವಿಝಾರ್ಡ್ರಿ ಮಾಡಿದ ಅಮೆರಿಕದ ಕಂಪನಿ ಯಾವತ್ತೋ ಬಾಗಿಲು ಹಾಕಿತು. ಹೊಸ ವಿಝಾರ್ಡ್ರಿಗಳು ಜಪಾನಿನಿಂದ ಬರ್ತಾನೇ ಇವೆ.