ಟೆನ್ಶನ್‌ನಿಂದ ನಿಜಕ್ಕೂ ಕೂದಲು ಉದುರುತ್ತದೆಯೇ?

ಉದುರುತ್ತದೆ. ಆದರೆ ಟೆನ್ಶನ್ ಆದ ವಾರವೇ ಅಲ್ಲ, ಸುಮಾರು 2-3 ತಿಂಗಳು ಬಿಟ್ಟು. ಅಷ್ಟೊತ್ತಿಗೆ ಕಾರಣ ಮರೆತೇ ಹೋಗಿರುತ್ತದೆ. ಜನ ಶಾಂಪೂವನ್ನೋ ಬೋರ್‌ವೆಲ್ ನೀರನ್ನೋ ಸುಮ್ನೆ ಬೈಯುತ್ತಾರೆ.

ತಲೆಯ 100 ಕೂದಲಲ್ಲಿ 85-90 ಬೆಳೆಯುತ್ತಿರುತ್ತವೆ, ಉಳಿದವು ಹೆಚ್ಚೂಕಮ್ಮಿ ವಿಶ್ರಾಂತಿಯಲ್ಲಿರುತ್ತವೆ. ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಷನ್, ಮನೆಯಲ್ಲೊಂದು ಸಾವು... ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲೂ ಒಟ್ಟಿಗೆ ವಿಶ್ರಾಂತಿಗೆ ಹೋಗಿಬಿಡುತ್ತವೆ. ಆಮೇಲೆ ಒಟ್ಟಿಗೇ ಉದುರುತ್ತವೆ. ಡಾಕ್ಟರು ಇದನ್ನು ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ. ದಿನಕ್ಕೆ 50-100 ಕೂದಲು ಹೋಗುವುದು ಮಾಮೂಲಿ. ಈಗ ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ ಎಲ್ಲೆಲ್ಲೂ ಕೂದಲೇ. ಉದುರಿದ ಕೂದಲಿನ ಬುಡ ನೋಡಿ, ಚಿಕ್ಕ ಬಿಳಿ ಗುಂಡು ಕಾಣುತ್ತದೆ. ಬೇರೇ ಕಿತ್ತು ಬಂತು ಅಂತ ಗಾಬರಿ ಬೇಡ, ಕೂದಲು ಹುಟ್ಟುವ ಜಾಗ ಚರ್ಮದೊಳಗೇ ಉಳಿದಿರುತ್ತದೆ.

ಸಾಮಾನ್ಯವಾಗಿ 3-6 ತಿಂಗಳಲ್ಲಿ ಉದುರುವುದು ತಗ್ಗುತ್ತದೆ. ಮೊದಲಿನಷ್ಟು ದಟ್ಟವಾಗಲು ಇನ್ನೂ ಜಾಸ್ತಿ ದಿನ ಬೇಕು. ನನ್ನ ಕೇಳಿದರೆ, ದುಬಾರಿ ಎಣ್ಣೆಗೆ ಸುರಿಯುವ ದುಡ್ಡಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ ಎಷ್ಟಿದೆ ಅಂತ ತೋರಿಸುವುದು), ಥೈರಾಯ್ಡ್ ಟೆಸ್ಟ್ ಮಾಡಿಸುವುದು ವಾಸಿ. ಟೆನ್ಶನ್ ಜೊತೆ ಕಬ್ಬಿಣದಂಶದ ಕೊರತೆಯೂ ಇರಬಹುದು, ಅಲ್ವಾ? ನಾಣ್ಯದಗಲ ಬೋಳು ಕಂಡರೆ ಮಾತ್ರ ಕಾಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಅದು ಬೇರೆ ತೊಂದರೆ ಇರಬಹುದು.