ಓದುಗರ ಪ್ರಶ್ನೆ: ಜೇಡಿಮಣ್ಣಿನ ಚಾಪೆ ಹಾಸಿದರೆ ನೀರು ನಿಲ್ಲುತ್ತಾ?

ಪ್ರಶ್ನೆ: ಸರ್, ನಮ್ಮ ಕೃಷಿ ಹೊಂಡದ ಪಾಲಿಥಿನ್ ಹಾಳೆ ಅಲ್ಲಲ್ಲಿ ಹರಿದಿದೆ. ಬಟ್ಟೆಯ ನಡುವೆ ಜೇಡಿಮಣ್ಣು ಇರುವ ಜಿಸಿಎಲ್ ಹಾಕಿಸಿ, ತೂತಾದರೂ ತಾನೇ ಮುಚ್ಚಿಕೊಳ್ಳುತ್ತದೆ, ಬರೀ ಮಣ್ಣಿನ ಹಾಸಿಗಿಂತ 20 ಪಟ್ಟು ಮೇಲು ಅಂತ ಒಬ್ಬರು ಹೇಳಿದರು. ಹೊಂಡ 3 ಮೀಟರ್ ಆಳ. ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಹಾಕಿಸಬಹುದಾ?
– ಒಬ್ಬ ರೈತರು, ಚಿಂತಾಮಣಿ

ಉತ್ತರ: ಬೇಡ. ಬೇಸಿಗೆಯಲ್ಲಿ ಒಣಗುತ್ತದೆ ಅಂದಿರಲ್ಲ, ಅಷ್ಟು ಸಾಕು.

ಜಿಸಿಎಲ್ (ಜಿಯೋಸಿಂಥೆಟಿಕ್ ಕ್ಲೇ ಲೈನರ್) ಅಂದರೆ ಎರಡು ಪ್ಲಾಸ್ಟಿಕ್ ನೂಲಿನ ಜಿಯೋಟೆಕ್ಸ್‌ಟೈಲ್ ಬಟ್ಟೆಗಳ ನಡುವೆ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ತುಂಬಿ, ಸೂಜಿಗಳಿಂದ ಚುಚ್ಚಿ, ಮೇಲಿನ ಬಟ್ಟೆಯ ಎಳೆಗಳನ್ನು ಕೆಳಗಿನ ಬಟ್ಟೆಗೆ ಸಿಕ್ಕಿಸಿದ ಚಾಪೆ. ಚದರ ಮೀಟರ್‌ಗೆ ಸುಮಾರು 4ರಿಂದ 5 ಕೆ.ಜಿ. ಬೆಂಟೊನೈಟ್ ಇರುತ್ತದೆ. ಕರೆಂಟಿನ ಅರ್ಥಿಂಗ್ ಗುಂಡಿಗೆ ಸುರಿಯುವ ಪುಡಿ ನೋಡಿರುತ್ತೀರಿ, ಅದೇ ಇದು. ನಮ್ಮ ದೇಶದಲ್ಲಿ ಕಛ್, ಬಾರ್ಮೇರ್ ಕಡೆ ಸಿಗುತ್ತದೆ. ನೀರು ತಾಗಿದರೆ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಲೋಳೆಯಾಗುತ್ತದೆ. ನೀರನ್ನು ತಡೆಯುವುದು ಆ ಲೋಳೆ, ಬಟ್ಟೆಯಲ್ಲ. ಸಣ್ಣ ತೂತು ಮುಚ್ಚಿಕೊಳ್ಳುವುದೂ ಅದರಿಂದಲೇ.

20 ಪಟ್ಟು ಅನ್ನುವುದು ಸುಳ್ಳಲ್ಲ, ಅರ್ಧ ನಿಜ. ಚಾಪೆ ಅಷ್ಟು ಬಿಗಿ ಇರುವುದು ಹೌದು, ಆದರೆ ಅದರ ದಪ್ಪ ಬರೀ 1 ಸೆಂ.ಮೀ. ಅದರ ಮೇಲೆ 3 ಮೀಟರ್ ನೀರು ಅಂದರೆ ದಪ್ಪದ 300 ಪಟ್ಟು ನೀರು ಕೂತು ಒತ್ತುತ್ತಿರುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ 1.3 ಮಿ.ಮೀ. ನೀರು ಇಂಗುತ್ತದೆ. ಚೆನ್ನಾಗಿ ರೋಲರ್ ಹೊಡೆಸಿದ 60 ಸೆಂ.ಮೀ. ಜೇಡಿಮಣ್ಣಿನಲ್ಲಿ ಇಂಗುವುದು ಸುಮಾರು ಅರ್ಧ ಮಿ.ಮೀ. ಹೊಂಡದಲ್ಲಿ ಮಣ್ಣೇ ಮೇಲಾಯಿತು, ಅಲ್ವಾ? ಆದರೂ ಎರಡೂ ದೊಡ್ಡ ನಷ್ಟವಲ್ಲ, ಬೇಸಿಗೆಯ ಬಿಸಿಲಿಗೆ ದಿನಕ್ಕೆ 5 ಮಿ.ಮೀ.ಗೂ ಜಾಸ್ತಿ ಆವಿಯಾಗಿ ಹೋಗುತ್ತದೆ.

ನಿಮಗೆ ಹೊಡೆತ ಬೀಳುವುದು ಒಣಗುವುದರಿಂದ. ಬೆಂಟೊನೈಟ್ ಅಷ್ಟು ಉಬ್ಬುವುದು ಅದರೊಳಗಿನ ಸೋಡಿಯಂನಿಂದ. ಬೋರ್‌ವೆಲ್‌ನ ಗಡಸು ನೀರಿನಿಂದಲೋ ಸುಣ್ಣದಂಶದ ಮಣ್ಣಿನಿಂದಲೋ ಕ್ಯಾಲ್ಸಿಯಂ ಬಂದರೆ ಸೋಡಿಯಂ ಜಾಗ ಬಿಟ್ಟುಕೊಡುತ್ತದೆ, ಆಮೇಲೆ ಉಬ್ಬುವ ಶಕ್ತಿ ಕುಸಿಯುತ್ತದೆ. ಹೊಂಡ ಒಣಗಿದಾಗ ಬೆಂಟೊನೈಟ್ ಬಿರಿಯುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುವುದೂ ಇದೇ ಜಾತಿಯ ಖನಿಜದಿಂದ. ಸೋಡಿಯಂ ಉಳಿದಿದ್ದರೆ ಮುಂದಿನ ಮಳೆಗೆ ಬಿರುಕು ಮುಚ್ಚುತ್ತದೆ, ಹೋಗಿದ್ದರೆ ಮುಚ್ಚುವುದಿಲ್ಲ, ಆಗ ಇಂಗುವುದು ನೂರರಿಂದ ಸಾವಿರ ಪಟ್ಟು ಏರಬಹುದು. ಅಷ್ಟು ದುಡ್ಡು ಹಾಕಿ ಎರಡು ಬೇಸಿಗೆಗೆ ಕಳೆದುಕೊಳ್ಳುವುದು ಯಾಕೆ?

ಹರಿದ ಕಡೆ ಅದೇ ಹಾಳೆಯ ತೇಪೆಯನ್ನು ಬಿಸಿ ಮಾಡಿ ಅಂಟಿಸುವವರಿದ್ದಾರೆ. ಪೂರ್ತಿ ಹಾಳಾಗಿದ್ದರೆ 500 ಮೈಕ್ರಾನ್ ಹಾಳೆಯನ್ನೇ ಮತ್ತೆ ಹಾಕಿಸಿ. ಹಾಸುವ ಮೊದಲು ಕಲ್ಲು, ಬೇರಿನ ಮೋಟು ಆರಿಸಿ, ಜರಡಿ ಹಿಡಿದ ಮಣ್ಣು ಹರಡಿ. ಹಾಳೆ ಹರಿಯುವುದು ಬಹಳ ಸಲ ಕೆಳಗಿನ ಕಲ್ಲಿನಿಂದ. 2014-15ರಲ್ಲಿ ಶುರುವಾದ ಕೃಷಿ ಭಾಗ್ಯದಲ್ಲಿ ಹೊದಿಕೆಗೂ ಸಹಾಯಧನ ಇತ್ತು, ಈಗ ಏನು ಸಿಗುತ್ತದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಸಲ ವಿಚಾರಿಸಿ.

ಪ್ರಶ್ನೆ: ನಮ್ಮೂರ ಪಕ್ಕದ ಹಳೇ ಕಲ್ಲು ಕ್ವಾರಿಗೆ ನಗರದ ಕಸ ತುಂಬುತ್ತಾರಂತೆ. ತಳಕ್ಕೆ ನೀರು ತಡೆಯುವ ಲೈನರ್ ಹಾಕುತ್ತೇವೆ, ಹೆದರಬೇಡಿ ಅಂದಿದ್ದಾರೆ. ಸಭೆಯಲ್ಲಿ ಏನು ಕೇಳಬೇಕು?
– ಗ್ರಾಮ ಪಂಚಾಯಿತಿ ಸದಸ್ಯೆ, ಬೆಂಗಳೂರು ಗ್ರಾಮಾಂತರ

ಉತ್ತರ: ಮೇಡಂ, ಕೇಳುವುದು ನಿಮ್ಮ ಹಕ್ಕು. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಸುರಿಯುವುದು ನಿಂತಿದ್ದು ಊರಿನವರು ಬೀದಿಗೆ ಇಳಿದ ಮೇಲೆ. ಅಷ್ಟು ಹೊತ್ತಿಗೆ ಅವರ ನೀರು ಕೆಟ್ಟಿತ್ತು.

ಮೊದಲು ಕೇಳಬೇಕಾದ್ದು ಲೈನರ್ ಬಗ್ಗೆ ಅಲ್ಲ, ತಳದಲ್ಲಿ ನಿಂತ ನೀರನ್ನು ಮೇಲೆತ್ತುವ ಪಂಪಿನ ಬಗ್ಗೆ. ಕಸದಿಂದ ಇಳಿಯುವ ಕಪ್ಪು ನೀರು, ಲೀಚೆಟ್, ತಳದಲ್ಲಿ ಎಷ್ಟು ಎತ್ತರ ನಿಲ್ಲುತ್ತದೆ? ಅಮೆರಿಕದ ನಿಯಮದಲ್ಲಿ 30 ಸೆಂ.ಮೀ. ದಾಟಬಾರದು ಅಂತಿದೆ. ನಮ್ಮ 2016ರ ಘನತ್ಯಾಜ್ಯ ನಿಯಮ ಹೇಳಿದ್ದು 90 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ. ಅಷ್ಟು ಒಳ್ಳೆ ಜೇಡಿಮಣ್ಣು ಎಲ್ಲಿಂದ ತರುವುದು ಅಂತ ಅದರ ಬದಲು ಜಿಸಿಎಲ್ ತೋರಿಸುತ್ತಾರೆ. ಲೀಚೆಟ್ 30 ಸೆಂ.ಮೀ. ಒಳಗಿದ್ದರೆ ಅವರ ವಾದ ಸರಿ. ಹಾಳೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಎರಡರಲ್ಲೂ ಇಂಗುವುದು ದಿನಕ್ಕೆ ಸುಮಾರು 0.1 ಮಿ.ಮೀ. ಅಷ್ಟೇ. ಆದರೆ ಪಂಪು ಕೆಟ್ಟು, ಟೆಂಡರ್ ಮುಗಿದು, ಯಾರೂ ನೋಡದೆ ಲೀಚೆಟ್ 3 ಮೀಟರ್ ಏರಿತು ಅನ್ನಿ. ಜೇಡಿಮಣ್ಣಿನಲ್ಲಿ 0.4 ಮಿ.ಮೀ. ಇಂಗುವ ಕಡೆ ಜಿಸಿಎಲ್‌ನಲ್ಲಿ 1.3 ಮಿ.ಮೀ. ಇಂಗುತ್ತದೆ. ಹಾಗಾಗಿ ಜಿಸಿಎಲ್ ಹಾಕುವವರು ಪಂಪನ್ನು ದಶಕಗಟ್ಟಲೆ ನಡೆಸುವ ಹೊಣೆಯನ್ನೂ ಬರೆದು ಕೊಡಬೇಕು. ಯಾರು ನಡೆಸುತ್ತಾರೆ, ಕರೆಂಟ್ ಬಿಲ್ ಯಾರದ್ದು, ತೆಗೆದ ಲೀಚೆಟ್ ಎಲ್ಲಿಗೆ ಹೋಗುತ್ತದೆ, ಎಲ್ಲವೂ ಕಾಗದದಲ್ಲಿ ಇರಲಿ.

ಎರಡನೆಯದು ಕ್ವಾರಿಯ ಗೋಡೆ. ಡೈನಮೈಟ್ ಹೊಡೆದ ಬಂಡೆ ನೆಟ್ಟಗೆ ನಿಂತಿರುತ್ತದೆ, ಮೈತುಂಬ ಚೂಪು ಅಂಚು. ಚಾಪೆಯಾಗಲಿ ಹಾಳೆಯಾಗಲಿ ಅದರ ಮೇಲೆ ನಿಲ್ಲುವುದಿಲ್ಲ. ಗೋಡೆಗೆ ಒತ್ತಿ ಮಣ್ಣು ತುಂಬಿ ಇಳಿಜಾರು ಮಾಡದೆ ಲೈನರ್ ಹಾಕುತ್ತೇವೆ ಅಂದರೆ ನಕ್ಷೆ ತೋರಿಸಿ ಅನ್ನಿ. ಗ್ರಾನೈಟಿನಲ್ಲಿ ನೀರು ಓಡುವುದು ಬಿರುಕುಗಳಲ್ಲಿ. ಲೀಚೆಟ್ ಒಂದು ಬಿರುಕು ಹಿಡಿದರೆ ಯಾವ ಬೋರ್‌ವೆಲ್‌ಗೆ ಹೋಗುತ್ತದೆ ಅಂತ ಹೇಳಲು ಆಗುವುದಿಲ್ಲ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗಲೂ ಅದು ಮಣ್ಣಿನ ಹಾಸಿನ ತಳಕ್ಕಿಂತ ಕನಿಷ್ಠ 2 ಮೀಟರ್ ಕೆಳಗಿರಬೇಕು ಅಂತ ಅದೇ 2016ರ ನಿಯಮದಲ್ಲಿತ್ತು. ನಿಮ್ಮ ಕ್ವಾರಿಯಲ್ಲಿ ಈಗಲೇ ನೀರು ನಿಂತಿದ್ದರೆ ಮೊದಲ ಪ್ರಶ್ನೆ ಇದೇ ಆಗಲಿ. ಕಸ ಬೀಳುವ ಮೊದಲೇ ಸುತ್ತಲಿನ ಬೋರ್‌ವೆಲ್‌ಗಳ ನೀರು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಾಳೆ ನೀರು ಕೆಟ್ಟಾಗ ಮೊದಲೇ ಹೀಗಿತ್ತು ಅಂದುಬಿಡುತ್ತಾರೆ.

ಪ್ರಶ್ನೆ: ಜಿಸಿಎಲ್ ಹಾಕಿದರೆ ಬದಿಯ ಇಳಿಜಾರನ್ನು 2ಕ್ಕೆ 1 (ಅಡ್ಡ 2, ಎತ್ತರ 1) ಇಡಬಹುದಾ? ಜಾಗ ಉಳಿಯುತ್ತದೆ.
– ಸಿವಿಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: 1994ರಲ್ಲಿ ಅಮೆರಿಕದ ಸಿನ್‌ಸಿನಾಟಿಯಲ್ಲಿ ಇದನ್ನೇ ಕಟ್ಟಿ ನೋಡಿದರು. 3ಕ್ಕೆ 1ರ ಇಳಿಜಾರುಗಳು ನಿಂತವು. 2ಕ್ಕೆ 1ರಲ್ಲಿ ಮೂರು ಜಾರಿದವು. ಅದರಲ್ಲಿ ಎರಡು ಜಾರಿದ್ದು ಚಾಪೆಯ ನೇಯ್ದ ಬಟ್ಟೆಗೂ ಮೇಲಿನ ಒರಟು ಪ್ಲಾಸ್ಟಿಕ್ ಹಾಳೆಗೂ ನಡುವೆ. ನೇಯ್ಗೆಯ ಸಂದಿನಿಂದ ಬೆಂಟೊನೈಟ್ ಹೊರಗೆ ಒಸರಿ ಜಾರುವ ಲೋಳೆಯಾಗಿತ್ತು. ಮೂರನೆಯದರಲ್ಲಿ ಸೂಜಿ ಹೆಣಿಗೆಯೇ ಇರಲಿಲ್ಲ, ನೆನೆದ ಬೆಂಟೊನೈಟ್ ಒಳಗೇ ಜಾರಿತು. ಹಾಳೆ ತಾಗುವ ಕಡೆ ನೇಯದ ಬಟ್ಟೆ ಇರಲಿ. ನೀವು ಬಳಸುವ ಅದೇ ಚಾಪೆ, ಅದೇ ಹಾಳೆ ತಂದು, ನೆನೆಸಿ, ಎಷ್ಟು ಬಲಕ್ಕೆ ಜಾರುತ್ತದೆ ಅಂತ ಅಳೆಯುವ ಶಿಯರ್ ಪರೀಕ್ಷೆ ಮಾಡಿಸಿ. ಪುಸ್ತಕದ ಅಂಕಿ ನಂಬಿ ಇಳಿಜಾರು ಕಟ್ಟಬೇಡಿ.

ಪ್ರಶ್ನೆ: ಹಾಸಿದ ಜಿಸಿಎಲ್ ರೋಲ್ ರಾತ್ರಿ ಮಳೆಗೆ ನೆನೆದಿದೆ. ಒಣಗಿಸಿ ಬಳಸಬಹುದಾ? ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಜೋಡಣೆ ಎಷ್ಟಿರಬೇಕು?
– ಸೈಟ್ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಬೆರಳಿಗೆ ಮೆತ್ತಗೆ ಸಿಗುವಷ್ಟು ಉಬ್ಬಿದ್ದರೆ ತೆಗೆದು ಹೊಸದು ಹಾಕಿ. ಮೇಲೆ ಭಾರ ಇಲ್ಲದೆ ಉಬ್ಬಿದ ಬೆಂಟೊನೈಟ್ ಕಾಲಿಟ್ಟ ಕಡೆಯೆಲ್ಲ ಪಕ್ಕಕ್ಕೆ ಸರಿದು ಅಲ್ಲಿ ಬರೀ ಬಟ್ಟೆ ಉಳಿಯುತ್ತದೆ. ಆ ದಿನ ಮುಚ್ಚಲು ಆಗುವಷ್ಟನ್ನೇ ಆ ದಿನ ಹಾಸಿ. ಜೋಡಣೆ 15 ಸೆಂ.ಮೀ. ಸಾಕು ಅನ್ನುತ್ತಿದ್ದರು, ಆದರೆ ಮೇಲೆ ಹಾಳೆ ಮಾತ್ರ ಹಾಕಿ ಮಣ್ಣು ಹಾಕದೆ ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟ ಕೆಲವು ಕಡೆ ಚಾಪೆಗಳು ಕುಗ್ಗಿ ನಡುವೆ ಒಂದು ಮೀಟರ್‌ಗೂ ಜಾಸ್ತಿ ಬಾಯಿ ಬಿಟ್ಟಿವೆ. ನನ್ನ ಮಾತು ಕೇಳಿದರೆ 30 ಸೆಂ.ಮೀ. ಇಡಿ, ಜೋಡಣೆಯೊಳಗೆ ಮೀಟರ್‌ಗೆ 400 ಗ್ರಾಂ ಬೆಂಟೊನೈಟ್ ಪುಡಿ ಸುರಿಯಿರಿ, ಅದರ ಮೇಲೆ ತಡ ಮಾಡದೆ ಕನಿಷ್ಠ 30 ಸೆಂ.ಮೀ. ಮಣ್ಣು ಬೀಳಲಿ.