ಎಷ್ಟು ಎಣ್ಣೆ ಹಾಕಿದರೂ ಗೇರ್ ಸೈಕಲ್ ಚೈನ್ ಕಪ್ಪಾಗಿ ಕರಕರ ಅನ್ನುತ್ತದೆ, ಏನು ಮಾಡಲಿ?

ದಿನಾ ಬೆಳಿಗ್ಗೆ ಹುಬ್ಬಳ್ಳಿಯಿಂದ ನವಲಗುಂದ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತೇನೆ, ಎರಡು ದಿನಕ್ಕೊಮ್ಮೆ ಎಣ್ಣೆ ಹಾಕುತ್ತೇನೆ ಎಂದಿದ್ದೀರಿ. ನಿಮ್ಮ ಚೈನಿಗೆ ಎಣ್ಣೆ ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ.

ನಾನೂ ಇದೇ ಊರಿನವನು. ಬೇಸಿಗೆಯಲ್ಲಿ ಆ ಕಡೆಯ ಎರೆ ಮಣ್ಣಿನ ಧೂಳು ಗೋಧಿ ಹಿಟ್ಟಿನಷ್ಟು ನುಣ್ಣಗಿರುತ್ತದೆ. ಚೈನ್ ಹೊರಗೆಲ್ಲ ಎಣ್ಣೆ ಇದ್ದರೆ ಧೂಳು ಅದಕ್ಕೆ ಅಂಟಿ ಕಪ್ಪು ಜಿಡ್ಡಾಗುತ್ತದೆ. ಚೈನನ್ನೂ ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲಿನ ಗಾಲಿ) ಹಲ್ಲನ್ನೂ ತಿಂದುಹಾಕುವುದು ಆ ಜಿಡ್ಡೇ. ಎಣ್ಣೆ ಬೇಕಾಗಿರುವುದು ಒಳಗೆ, ಪಿನ್ನು ಮತ್ತು ಅದರ ಸುತ್ತ ತಿರುಗುವ ರೋಲರ್ ನಡುವೆ. ಹೊರಗಿನ ಪಟ್ಟಿಗೆ ತುಕ್ಕು ಹಿಡಿಯದಷ್ಟು ಪಸೆ ಇದ್ದರೆ ಸಾಕು.

ಹಾಗಾಗಿ ಮೊದಲು ಪೂರ್ತಿ ತೊಳೆಯಿರಿ. ಚಿಮಣಿ ಎಣ್ಣೆ (ಸೀಮೆಎಣ್ಣೆ) ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಡೀಸೆಲ್. ಪೆಟ್ರೋಲ್ ಮಾತ್ರ ಬೇಡವೇ ಬೇಡ, ಅದರ ಆವಿ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದ್ದಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೈನಿನ ಕೆಳಭಾಗವನ್ನು ಉಜ್ಜಿ. ಫ್ರೀವೀಲ್ ಮೇಲೆ ಸುರಿಯಬೇಡಿ, ಒಳಗಿನ ಗ್ರೀಸ್ ಕರಗಿಹೋಗುತ್ತದೆ. ಆಮೇಲೆ ಸೋಪಿನ ನೀರು, ಒಣ ಅರಿವೆ, ಒಂದಿಷ್ಟು ಹೊತ್ತು ಬಿಸಿಲು. ಡೀಸೆಲ್ ಒಳಗೇ ಉಳಿದರೆ ಹೊಸ ಎಣ್ಣೆಯೂ ತೆಳ್ಳಗಾಗುತ್ತದೆ, ಅದಕ್ಕೇ ಸೋಪು.

ಈಗ ಪ್ರತಿ ರೋಲರ್ ಮೇಲೆ ಒಂದೇ ಒಂದು ಹನಿ. ಗೇರ್ ಸೈಕಲ್ಲಿನಲ್ಲಿ 100ಕ್ಕಿಂತ ಜಾಸ್ತಿ ಕೊಂಡಿ ಇರುತ್ತವೆ, ತಾಳ್ಮೆ ಬೇಕು. ಒಂದಷ್ಟು ಹೊತ್ತು ಪೆಡಲ್ ತಿರುಗಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಒಣ ಅರಿವೆಯಿಂದ ಗಟ್ಟಿಯಾಗಿ ಒರೆಸಿ. ಹಾಕಿದ್ದೆಲ್ಲ ಹೋಯಿತಲ್ಲ ಅನ್ನಿಸುತ್ತದೆ, ಆದರೂ ಒರೆಸಿ. ಇಡೀ ಕೆಲಸದಲ್ಲಿ ಇದೇ ಮುಖ್ಯ, ಜನ ಬಿಡುವುದೂ ಇದನ್ನೇ. ಡಿಸ್ಕ್ ಬ್ರೇಕ್ ಇದ್ದರೆ ಆ ತಟ್ಟೆಗೆ ಎಣ್ಣೆ ತಾಗದಂತೆ ನೋಡಿಕೊಳ್ಳಿ.

ಯಾವ ಎಣ್ಣೆ? ಸೈಕಲ್ ಚೈನಿನ ಲ್ಯೂಬ್ ಸಿಕ್ಕರೆ ಬೇಸಿಗೆಗೆ ‘ಡ್ರೈ’, ಮಳೆಗಾಲಕ್ಕೆ ‘ವೆಟ್’ ತಗೊಳ್ಳಿ. ಇಲ್ಲದಿದ್ದರೆ ಹೊಲಿಗೆ ಮಷಿನ್ ಎಣ್ಣೆ ನಡೆಯುತ್ತದೆ, ಆದರೆ ಬೇಗ ಬೇಗ ಹಾಕಬೇಕು. ಕುಸುಬಿ ಎಣ್ಣೆ ಬೇಡ. ಗಾಳಿಗೆ ಅದು ಅಂಟಾಗುತ್ತದೆ, ಮನೆಯ ಎಣ್ಣೆ ಡಬ್ಬಿಯ ಬಾಯಿ ನೋಡಿದ್ದೀರಿ ಅಲ್ವಾ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಧಾರವಾಡದ ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿಬಿಡುತ್ತದೆ, ಅದೂ ಬೇಡ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ, ಮಸಿ ಇರುತ್ತದೆ. ಗ್ರೀಸ್ ಒಳಗೇ ಇಳಿಯುವುದಿಲ್ಲ, ಸುಮ್ನೆ ಧೂಳು ಹಿಡಿಯುತ್ತದೆ. ಡಬ್ಲ್ಯುಡಿ-40 ಸ್ಪ್ರೇ ತುಕ್ಕು ಸಡಿಲಿಸಲು ಸರಿ, ಅದನ್ನೇ ಎಣ್ಣೆ ಅಂದುಕೊಳ್ಳಬೇಡಿ.

ಇನ್ನು ಎರಡು ದಿನಕ್ಕೊಮ್ಮೆ ಎಣ್ಣೆ ಬೇಡ. ಸವಾರಿ ಮುಗಿದ ಮೇಲೆ ಅರಿವೆಯಿಂದ ಒರೆಸಿ ಸಾಕು. ಒಣ ಸದ್ದು ಬಂದಾಗ, ಇಲ್ಲವೇ ಮಳೆಯಲ್ಲಿ ನೆನೆದ ದಿನ, ಒರೆಸಿ ಒಣಗಿಸಿ ಎಣ್ಣೆ ಹಾಕಿ.

ಇಷ್ಟಾದರೂ ಕರಕರ ನಿಲ್ಲದಿದ್ದರೆ ಚೈನ್ ಸವೆದಿರಬಹುದು. ಸ್ಟೀಲ್ ಸ್ಕೇಲ್ ಹಿಡಿದು ನೋಡಿ. ಹೊಸ ಚೈನಿನಲ್ಲಿ 24 ಕೊಂಡಿಗೆ, ಒಂದು ಪಿನ್ನಿನ ನಡುವಿನಿಂದ ಇನ್ನೊಂದು ಪಿನ್ನಿನ ನಡುವಿಗೆ ಅಳೆದರೆ, ಸರಿಯಾಗಿ 12 ಇಂಚು. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಿ. ಹೊಸ ಚೈನ್ ಹಾಕಿದ ಮೇಲೂ ಏರಿನಲ್ಲಿ ಜಾರಿದರೆ ಫ್ರೀವೀಲಿನ ಹಲ್ಲೂ ಹೋಗಿದೆ, ಅದನ್ನೂ ಬದಲಿಸಬೇಕಾಗುತ್ತದೆ.